ಯಾವ ಮಾತು, ಯಾವ ಮೋಸ

ನನ್ನ ತಂಗಿ ತನ್ನ ಮಗನನ್ನು ಮಾದಾಪುರದ ಆ ಕೇಂದ್ರಕ್ಕೆ ಸೇರಿಸಿದಾಗ ಅವನಿಗೆ ಆರು ತುಂಬಿತ್ತು. ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಆದರೆ ವಿಮಾನದ ಸದ್ದು ಕೇಳಿದರೆ ಬಾಲ್ಕನಿಗೆ ಓಡಿ, ಅದು ಕಣ್ಮರೆಯಾಗುವವರೆಗೂ ನಿಂತಿರುತ್ತಿದ್ದ. ಅವರ ಮನೆ ಶಂಶಾಬಾದಿನಲ್ಲಿ. ತಂಗಿಯ ಗಂಡನಿಗೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಕೆಲಸ. ಹುಡುಗನಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ ಮೇಲೆ ಗಂಡ ಹೆಂಡತಿ ಇಬ್ಬರೂ ಹೈದರಾಬಾದೆಲ್ಲ ಅಲೆದಿದ್ದರು. ಕೊನೆಗೆ ಯಾರೋ ಈ ಕೇಂದ್ರದ ಹೆಸರು ಹೇಳಿದರು.

ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಗಾಜಿನ ಕಟ್ಟಡ, ತಣ್ಣನೆಯ ಕೋಣೆಗಳು, ಗೋಡೆ ತುಂಬ ನಗುವ ಮಕ್ಕಳ ಫೋಟೋಗಳು. ನಡೆಸುವ ಹೆಂಗಸು ಬಹಳ ಮೆಲ್ಲಗೆ ಮಾತಾಡುವವಳು. ಎರಡು ವರ್ಷ ನಮ್ಮ ಕೈಗೆ ಬಿಡಿ, ನಿಮ್ಮ ಮಗ ನಿಮ್ಮನ್ನು ಅಮ್ಮಾ ಎಂದು ಕರೆಯುತ್ತಾನೆ ಎಂದಳು. ಆ ಮಾತು ಕೇಳಿ ತಂಗಿಯ ಮುಖ ಹೇಗಾಯಿತೆಂದು ನಾನು ನೋಡಿದ್ದೇನೆ. ಅಂದಿನಿಂದ ದಿನವೂ ಮೆಹದೀಪಟ್ಟಣದವರೆಗೆ ಬಸ್ಸು, ಅಲ್ಲಿಂದ ಆಟೋ ಹಿಡಿದು ಮಗನನ್ನು ಕರೆದೊಯ್ಯತೊಡಗಿದಳು. ತಾಯಂದಿರನ್ನು ಒಳಗೆ ಬಿಡುತ್ತಿರಲಿಲ್ಲ. ಮಕ್ಕಳ ಗಮನ ಕೆಡುತ್ತದೆ ಎಂದು ಹೊರಗಿನ ಬೆಂಚುಗಳ ಮೇಲೆ ಕೂರಿಸುತ್ತಿದ್ದರು. ಅಲ್ಲಿಯೇ ತಂಗಿಗೆ ಅವಳಂಥದೇ ತಾಯಂದಿರ ಸ್ನೇಹವಾಯಿತು. ತೆಲುಗಿನವರು, ಉರ್ದುವಿನವರು, ಮಾರವಾಡಿಗಳು. ಡಬ್ಬಿ ಬಿಚ್ಚಿ ಹಂಚಿಕೊಂಡು ತಿನ್ನುತ್ತಿದ್ದರು. ಬೇರೆಲ್ಲೂ ಹೇಳಲಾಗದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಎಲ್ಲರೂ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು.

ಒಂದು ಮಧ್ಯಾಹ್ನ ಹುಡುಗನ ನೀರಿನ ಬಾಟಲಿ ತಂಗಿಯ ಚೀಲದಲ್ಲೇ ಉಳಿದುಬಿಟ್ಟಿತ್ತು. ಕೊಟ್ಟು ಬರೋಣವೆಂದು ಒಳಗೆ ಹೋದಳು. ಕಾವಲಿನವನು ಊಟಕ್ಕೆ ಹೋಗಿದ್ದ. ಕೋಣೆಯ ಬಾಗಿಲಿನ ಗಾಜಿಗೆ ಬಣ್ಣದ ಕಾಗದ ಅಂಟಿಸಿದ್ದರು. ಅದರ ಒಂದು ಮೂಲೆ ಕಿತ್ತು ಬಂದಿತ್ತು. ಅವಳು ಅಲ್ಲಿಂದ ನೋಡಿದಳು.

ಅವಳು ಮಗನನ್ನು ಎತ್ತಿಕೊಂಡು ಶಂಶಾಬಾದಿಗೆ ಹೋಗಲಿಲ್ಲ. ನೇರವಾಗಿ ಕಾಚಿಗೂಡದ ನನ್ನ ಮನೆಗೆ ಬಂದಳು. ನಾನು ಸರ್ಕಾರಿ ನೌಕರಿಯಿಂದ ಸ್ವಯಂ ನಿವೃತ್ತಿ ಪಡೆದು ಮನೆಯಲ್ಲೇ ಇದ್ದೆ. ಆರು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಅವನ ಮಣಿಕಟ್ಟಿನ ಸುತ್ತ ಕೆಂಪು ಗೆರೆ ಮೂಡಿತ್ತು.

"ಅಕ್ಕಾ, ಇವನ್ನ ಕುರ್ಚಿಗೆ ಕಟ್ಟಿದ್ರು," ಅಂದಳು. "ಓಢಣಿಲೆ. ಕೈನೂ ಕಟ್ಟಿದ್ರು, ನಡಾನೂ ಕಟ್ಟಿದ್ರು. ಇನ್ನೂ ಎರಡು ಹುಡುಗರು ಹಂಗ ಗ್ವಾಡಿ ಕಡೆ ಮುಖ ಮಾಡಿ ಕುಂತಿದ್ವು. ಆ ಟೀಚರ್ ಫೋನ್ ನೋಡಕೋತ ಕುಂತಿದ್ಲು."

ನೀರು ಕೊಟ್ಟೆ. ಕುಡಿಯಲಿಲ್ಲ. ಲೋಟವನ್ನು ಮಗನ ಬಾಯಿಗೆ ಹಿಡಿದು, "ಇವ ಅಳಾಕತ್ತಿದ್ದಿಲ್ಲಕ್ಕಾ. ಅಳೂದು ಬಿಟ್ಟಿದ್ದ. ಅಂದ್ರ ಭಾಳ ದಿನದಿಂದ ಹಿಂಗ ಮಾಡ್ಯಾರ," ಅಂದಳು.

ಅಲ್ಲಿ ತಂಗಿ ಮಗನ ಗಂಟು ಬಿಚ್ಚುವಾಗ ಆ ಮೆಲ್ಲನೆಯ ಮಾತಿನ ಹೆಂಗಸು ಬಂದು, ಇದು ಮಕ್ಕಳಿಗೆ ಕೂತು ಕಲಿಯುವುದನ್ನು ಅಭ್ಯಾಸ ಮಾಡಿಸುವ ಪದ್ಧತಿ, ತಾಯಂದಿರು ಭಾವುಕರಾದರೆ ಮಕ್ಕಳಿಗೇ ನಷ್ಟ ಎಂದಳಂತೆ. ದನಿ ಸ್ವಲ್ಪವೂ ಏರಿರಲಿಲ್ಲವಂತೆ.

ನಮ್ಮದು ಕಲಬುರಗಿ ಕಡೆಯಿಂದ ಬಂದು ತಲೆಮಾರುಗಳಿಂದ ಇಲ್ಲಿ ಸರ್ಕಾರಿ ಚಾಕರಿ ಮಾಡಿದ ಮನೆತನ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಕೊರಳಿಗೆ ಬರುತ್ತದೆ ಎಂದು ನಮ್ಮ ತಂದೆ ಹೇಳುತ್ತಿದ್ದರು. ಆದರೂ ಮರುದಿನ ತಂಗಿ ತಾಯಂದಿರ ಗುಂಪಿಗೆ ಬರೆಯಲು ಕೂತಾಗ ನಾನು ಬೇಡವೆನ್ನಲಿಲ್ಲ. ಪಕ್ಕದಲ್ಲೇ ಕೂತು ಓದಿದೆ. ಮೊದಲು ಬರೆದದ್ದರಲ್ಲಿ ರಾಕ್ಷಸರು, ಕಟುಕರು ಎಂಬ ಮಾತುಗಳಿದ್ದವು. ಅವನ್ನೆಲ್ಲ ಇಬ್ಬರೂ ಕೂಡಿ ತೆಗೆದೆವು. ಯಾವ ದಿನ, ಯಾವ ಕೋಣೆ, ಕಣ್ಣಿಗೆ ಏನು ಬಿತ್ತು, ಕೇಳಿದಾಗ ಅವರು ಏನು ಹೇಳಿದರು ಎಂಬಷ್ಟೇ ಉಳಿಯಿತು. ನಿಮ್ಮ ಮಕ್ಕಳ ಕೈ ಒಮ್ಮೆ ನೋಡಿರಿ ಎಂದು ಕೊನೆಗೆ ಸೇರಿಸಿದಳು.

ಒಬ್ಬೊಬ್ಬರಿಂದ ಉತ್ತರ ಬರತೊಡಗಿತು. ತನ್ನ ಮಗಳು ಊಟಕ್ಕೆ ಕುರ್ಚಿ ಎಳೆದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ ಎಂದು ಒಬ್ಬಳು ಬರೆದಳು. ಮಗನ ಕೈಮೇಲಿನ ಗುರುತು ಅವನೇ ಕಚ್ಚಿಕೊಂಡದ್ದು ಎಂದು ಕೇಂದ್ರದವರು ಹೇಳಿದ್ದನ್ನು ನಂಬಿದ್ದೆ ಎಂದು ಇನ್ನೊಬ್ಬಳು ಬರೆದಳು. ಐದಾರು ತಾಯಂದಿರು ಒಟ್ಟಾದರು. ಎಲ್ಲರೂ ಸೇರಿ ದೂರು ಕೊಡೋಣ ಎಂದುಕೊಂಡರು. ತಂಗಿಯ ದನಿಯಲ್ಲಿ ಆ ವಾರ ಒಂದು ಗಟ್ಟಿತನವಿತ್ತು.

ಆದರೆ ಗುಂಪಿನ ಮಾತು ಹೇಗೋ ಹೊರಬಿದ್ದು, ದೂರು ಕೊಡುವಷ್ಟರಲ್ಲಿ ಕೇಂದ್ರದವರು ಸಿವಿಲ್ ಕೋರ್ಟಿಗೆ ಹೋಗಿ ದಾವಾ ಹಾಕಿದ್ದರು. ಕೋರ್ಟಿನ ಮನುಷ್ಯ ಶಂಶಾಬಾದಿನ ಮನೆಗೆ ಕಾಗದಗಳ ದಪ್ಪ ಕಟ್ಟು ತಂದುಕೊಟ್ಟ. ಅದರ ಜೊತೆ ಒಂದು ತಾತ್ಕಾಲಿಕ ಆದೇಶವೂ ಇತ್ತು. ಮುಂದಿನ ಆದೇಶದವರೆಗೆ ಆ ಕೇಂದ್ರದ ಬಗ್ಗೆ ಬರಹದಲ್ಲಾಗಲಿ, ಮಾತಿನಲ್ಲಾಗಲಿ, ಬೇರೆ ಯಾವ ರೀತಿಯಲ್ಲಾಗಲಿ ಯಾರಿಗೂ ಏನನ್ನೂ ಹೇಳಕೂಡದು. ನಮ್ಮನ್ನು ಒಂದು ಮಾತು ಕೇಳುವ ಮೊದಲೇ ಆ ಆದೇಶ ಹೊರಬಿದ್ದಿತ್ತು.

ನಮ್ಮ ಬೀದಿಯಲ್ಲೇ ರಾಯಚೂರು ಕಡೆಯ ಹಿರಿಯ ವಕೀಲರೊಬ್ಬರಿದ್ದರು. ನಮ್ಮ ತಂದೆಯವರ ಪರಿಚಯ. ಅವರು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಓದಿದರು. ತಂಗಿ ಮತ್ತು ಉಳಿದ ತಾಯಂದಿರು ಒಂದು ಪ್ರತಿಸ್ಪರ್ಧಿ ಸಂಸ್ಥೆಯ ಜೊತೆ ಕೈಜೋಡಿಸಿ, ಒಳಸಂಚು ನಡೆಸಿ, ಮೋಸದಿಂದ ಕೇಂದ್ರದ ಹೆಸರು ಕೆಡಿಸಿದ್ದಾರೆ ಎಂಬುದು ಆರೋಪ. ಅದಕ್ಕೆ ಅವರು ಕೇಳಿದ್ದ ಪರಿಹಾರ, ತಂಗಿಯ ಗಂಡ ಜನ್ಮವಿಡೀ ದುಡಿದರೂ ಕೊಡಲಾಗದಂಥದ್ದು. ವಕೀಲರು ಕನ್ನಡಕ ತೆಗೆದು, ನೀವು ಏನೇನು ಹೇಳಿದ್ದಿರಿ ಎಂದು ತಂಗಿಯನ್ನು ಕೇಳಿದರು. ಅವಳು ಫೋನಿನಲ್ಲಿದ್ದುದನ್ನು ತೋರಿಸಿದಳು.

"ನೋಡ್ರಿ, ಈ ಮಾತು ದಾವಾದಾಗ ಎಲ್ಲೂ ಇಲ್ಲ," ಅಂದರು. "ಸುಳ್ಳು ಹೇಳ್ಯಾರ ಅಂತ ಬರದಾರ, ಯಾವ ಸುಳ್ಳು ಅಂತ ಬರದಿಲ್ಲ. ಮೋಸ ಮಾಡ್ಯಾರ ಅಂತ ಬರದಾರ. ಯಾರು ಮಾಡಿದ್ರು, ಯಾವಾಗ ಮಾಡಿದ್ರು, ಆ ಇನ್ನೊಂದು ಸಂಸ್ಥೆ ಯಾವುದು, ಒಂದೂ ಇಲ್ಲ. ಕಾಯ್ದೆ ಇದನ್ನ ಒಪ್ಪಂಗಿಲ್ಲರಿ. ಮೋಸ ಅಂತ ಆರೋಪ ಮಾಡಾವ್ರು ಅದರ ವಿವರ ಮೊದಲ ಕೊಡಬೇಕಾಗತೈತಿ."

"ಹಂಗಾದ್ರ ಇದು ನಿಲ್ಲಂಗಿಲ್ಲೇನ್ರಿ?" ತಂಗಿ ಕೇಳಿದಳು.

"ನಿಲ್ಲಂಗಿಲ್ಲ ತಂಗೀ. ಆದ್ರ ಅವರು ಗೆಲ್ಲಬೇಕಂತ ದಾವಾ ಹಾಕಿಲ್ಲ. ನೀವು ಬಾಯಿ ಮುಚ್ಚಲಿ ಅಂತ ಹಾಕ್ಯಾರ."

ಈ ದಾವಾ ವಿಚಾರಣೆಗೇ ಯೋಗ್ಯವಲ್ಲ, ದಾವಾಪತ್ರವನ್ನೇ ತಿರಸ್ಕರಿಸಬೇಕು ಎಂದು ವಕೀಲರು ಅರ್ಜಿ ಹಾಕಿದರು. ಆಮೇಲೆ ಶುರುವಾಯಿತು ತಾರೀಖುಗಳ ಓಡಾಟ. ವಿಚಾರಣೆಯ ಪ್ರತಿ ಪೇಷಿಗೂ ನಾನು ತಂಗಿಯ ಜೊತೆ ಹೋಗುತ್ತಿದ್ದೆ. ಹುಡುಗನನ್ನು ಬಿಡಲು ಜಾಗವಿಲ್ಲದ್ದರಿಂದ ಅವನೂ ಬರುತ್ತಿದ್ದ. ಕೋರ್ಟಿನ ಗದ್ದಲ ಅವನಿಗೆ ಆಗುತ್ತಿರಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ಮೆಟ್ಟಿಲ ಕೆಳಗೆ ಕೂತುಬಿಡುತ್ತಿದ್ದ. ಅವನ ಪಕ್ಕ ತಂಗಿ, ಅವಳ ಪಕ್ಕ ನಾನು. ನಮ್ಮ ಸರದಿ ಬಂದಾಗ ಕೇಂದ್ರದ ವಕೀಲ ಎದ್ದು ನಿಂತು ಸಮಯ ಕೇಳುತ್ತಿದ್ದ. ಒಮ್ಮೆ ಹಿರಿಯ ವಕೀಲರಿಗೆ ಮೈ ಸರಿಯಿಲ್ಲ ಎನ್ನುತ್ತಿದ್ದ, ಇನ್ನೊಮ್ಮೆ ಕಾಗದಗಳು ಬಂದಿಲ್ಲ ಎನ್ನುತ್ತಿದ್ದ. ಸಮಯ ಸಿಗುತ್ತಿತ್ತು. ತಾತ್ಕಾಲಿಕ ಆದೇಶವೂ ಅದರ ಜೊತೆ ಮುಂದಕ್ಕೆ ಹೋಗುತ್ತಿತ್ತು.

ಹೊಸ ತಾಯಂದಿರು ತಂಗಿಗೆ ಫೋನ್ ಮಾಡುತ್ತಿದ್ದರು. ನಿಮ್ಮ ಮಗ ಅಲ್ಲಿಗೆ ಹೋಗುತ್ತಿದ್ದನಂತೆ, ಕೇಂದ್ರ ಹೇಗಿದೆ ಎಂದು ಕೇಳುತ್ತಿದ್ದರು. ಮೊದಮೊದಲು ಅವಳು ನಾನು ಏನೂ ಹೇಳುವ ಹಾಗಿಲ್ಲ ಎನ್ನುತ್ತಿದ್ದಳು. ಹಾಗೆ ಹೇಳುವುದೂ ಹೇಳಿದಂತೆಯೇ ಆಗುತ್ತದೆ ಎಂದು ವಕೀಲರು ಎಚ್ಚರಿಸಿದ ಮೇಲೆ ಗೊತ್ತಿಲ್ಲದ ನಂಬರಿನ ಫೋನ್ ಎತ್ತುವುದನ್ನೇ ಬಿಟ್ಟಳು. ಫೋನು ಬಡಿದುಕೊಳ್ಳುತ್ತಿತ್ತು, ಅವಳು ಅದನ್ನು ನೋಡುತ್ತ ಕೂತಿರುತ್ತಿದ್ದಳು.

ಅಷ್ಟರಲ್ಲಿ ಉಳಿದ ತಾಯಂದಿರು ಒಬ್ಬೊಬ್ಬರಾಗಿ ಕಳಚಿಕೊಂಡರು. ಕೇಂದ್ರದವರು ಪ್ರತಿಯೊಬ್ಬರ ಮನೆಗೂ ಜನ ಕಳಿಸಿದ್ದರು. ನಾನು ಹೇಳಿದ್ದು ಸುಳ್ಳು, ತಪ್ಪು ತಿಳುವಳಿಕೆಯಿಂದ ಹೇಳಿದೆ, ಕ್ಷಮೆ ಕೋರುತ್ತೇನೆ ಎಂದು ಬರೆದುಕೊಟ್ಟರೆ ದಾವಾದಿಂದ ಹೆಸರು ತೆಗೆಯುತ್ತೇವೆ ಎಂದರಂತೆ. ಒಬ್ಬಳ ಮಾವ ಹೆದರಿದರು, ಇನ್ನೊಬ್ಬಳ ಮೇಲೆ ಗಂಡ ಕೈ ಎತ್ತಿದ. ಮಗಳು ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ ಎಂದು ಬರೆದವಳು ಎಲ್ಲರಿಗಿಂತ ಹೆಚ್ಚು ದಿನ ತಡೆದಳು. ಕೊನೆಗೆ ಅವಳೂ ಬರೆದುಕೊಟ್ಟಳು. ಮುಂದಿನ ಪೇಷಿಯಲ್ಲಿ ಕೇಂದ್ರದ ವಕೀಲ ಆ ಕ್ಷಮಾಪಣೆಗಳನ್ನೆಲ್ಲ ಕೋರ್ಟಿಗೆ ಸಲ್ಲಿಸಿ, ಸುಳ್ಳು ಎಂದು ಎಲ್ಲರೂ ಒಪ್ಪಿದ್ದಾರೆ, ಈ ಒಬ್ಬಳೇ ಹಠ ಹಿಡಿದಿದ್ದಾಳೆ ಎಂದ.

ಅವಳ ಗಂಡ ಕೆಟ್ಟವನಲ್ಲ. ಮಗನಿಗೆ ಸ್ನಾನ ಮಾಡಿಸಿ, ಉಣಿಸಿ ಮಲಗಿಸುವವನು ಅವನೇ. ಆದರೆ ಹೇಗೋ ದಾವಾದ ಸುದ್ದಿ ಗುತ್ತಿಗೆದಾರನ ಕಿವಿಗೂ ಬಿದ್ದಿತ್ತು. ಆಮೇಲೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ ಅವನು ನನ್ನ ಮುಂದೆ ಕೂತು, "ಅಕ್ಕಾರ, ನೀವರೆ ಹೇಳ್ರಿ ಆಕಿಗೆ. ಒಂದು ಸಾಲು ಬರದು ಕೊಟ್ರ ಮುಗೀತೈತಿ," ಅಂದ.

ತಂಗಿ ಅಡುಗೆಮನೆಯಿಂದ ಹೊರಗೆ ಬಂದಳು. "ಆ ಸಾಲಿನ್ಯಾಗ ಏನೈತಿ ಗೊತ್ತೈತೇನ್ರಿ ನಿಮಗ? ಇವನ್ನ ಯಾರೂ ಕಟ್ಟಿದ್ದಿಲ್ಲ ಅಂತೈತಿ."

ಅವನು ತಲೆ ತಗ್ಗಿಸಿದ. ಮುಂದೆ ಮತ್ತೆಂದೂ ಆ ಮಾತು ಎತ್ತಲಿಲ್ಲ. ಆದರೆ ಅಂದಿನಿಂದ ಗಂಡ ಹೆಂಡಿರ ನಡುವೆ ಬೇಕಾದಷ್ಟೇ ಮಾತು ಉಳಿಯಿತು.

ತಾತ್ಕಾಲಿಕ ಆದೇಶ ಪೊಲೀಸರಿಗೆ ದೂರು ಕೊಡುವುದನ್ನು ತಡೆಯಲಾರದು ಎಂದು ವಕೀಲರು ಹೇಳಿದ್ದರಿಂದ ಅದನ್ನೂ ಮಾಡಿ ನೋಡಿದೆವು. ಠಾಣೆಯಲ್ಲಿದ್ದ ಅಧಿಕಾರಿ ಸಮಾಧಾನದಿಂದಲೇ ಕೇಳಿಕೊಂಡರು. ಯಾವಾಗ, ಎಲ್ಲಿ, ಯಾರು, ಹೇಗೆ ಎಂದು ವಿಚಾರಿಸಿದರು. ತಂಗಿ ಎಲ್ಲಕ್ಕೂ ಉತ್ತರ ಕೊಟ್ಟಳು. ಬೇರೆ ಯಾರು ನೋಡಿದ್ದಾರೆ ಎಂದು ಕೇಳಿದರು. ನೋಡಿದವರು ಯಾರೂ ಇರಲಿಲ್ಲ. ಗುರುತು ಕಂಡಿದ್ದ ತಾಯಂದಿರು ಅದು ಸುಳ್ಳೆಂದು ಬರೆದುಕೊಟ್ಟಿದ್ದರು. ಹುಡುಗ ಅವಳ ತೊಡೆಯ ಮೇಲೆ ಕೂತು ಅಧಿಕಾರಿಯ ಮೇಜಿನ ಅಂಚನ್ನು ಸವರುತ್ತಿದ್ದ. ಅಧಿಕಾರಿ ಅವನತ್ತ ನೋಡಿ, ಇವನು ಏನಾದರೂ ಹೇಳಬಲ್ಲನೇ ಎಂದು ತೆಲುಗಿನಲ್ಲಿ ಕೇಳಿದರು. ಕೇಳಿದ ಮೇಲೆ ಅವರಿಗೇ ಬೇಸರವಾದಂತೆ ಕಂಡಿತು. ದೂರು ತೆಗೆದುಕೊಂಡರು. ವಿಚಾರಿಸುತ್ತೇವೆ ಎಂದರು. ಕೇಂದ್ರಕ್ಕೆ ಹೋಗಿ ಬಂದರೆಂದೂ, ಅಲ್ಲಿ ಎಲ್ಲ ಸರಿಯಾಗಿದೆಯೆಂದೂ ಆಮೇಲೆ ತಿಳಿಯಿತು. ಬಾಗಿಲಿನ ಗಾಜಿನ ಮೇಲಿದ್ದ ಕಾಗದವನ್ನು ಅಷ್ಟರಲ್ಲಿ ತೆಗೆಸಿದ್ದರಂತೆ.

ಮೊದಲ ನ್ಯಾಯಾಧೀಶರಿಗೆ ವರ್ಗವಾಗಿ ಅವರ ಜಾಗಕ್ಕೆ ಒಬ್ಬ ಮಹಿಳೆ ಬಂದರು. ಹೆಚ್ಚು ಮಾತಿನವರಲ್ಲ. ನಮ್ಮ ಅರ್ಜಿ ಅವರ ಮುಂದೆ ಬಂದ ದಿನ ಕೇಂದ್ರದ ವಕೀಲ ಎಂದಿನಂತೆ ಸಮಯ ಕೇಳಿದ. ಅವರು ಕೊಡಲಿಲ್ಲ. ದಾವಾಪತ್ರ ತೆರೆದು, ಈ ಹೆಣ್ಣುಮಗಳು ಆಡಿದ ಯಾವ ಮಾತು ಸುಳ್ಳು, ಅದು ಇಲ್ಲಿ ಎಲ್ಲಿದೆ ಎಂದು ಕೇಳಿದರು. ಒಟ್ಟಾರೆ ಅಪಪ್ರಚಾರ ನಡೆದಿದೆ ಎಂದು ವಕೀಲ ಹೇಳಿದ. ಮೋಸ ಎಂದಿದ್ದೀರಿ, ಯಾವ ಮೋಸ, ಯಾರ ಜೊತೆ ಸೇರಿ, ಎಂದು ಕೇಳಿದರು. ಅದೆಲ್ಲ ಸಾಕ್ಷಿ ವಿಚಾರಣೆಯ ಹೊತ್ತಿಗೆ ಹೊರಬರುತ್ತದೆ ಎಂದ. ಮೊದಲು ಮೋಸ ಎಂದು ಬರೆದು, ಆಮೇಲೆ ಅದನ್ನು ಹುಡುಕುತ್ತ ಹೋಗುವುದಕ್ಕೆ ಕೋರ್ಟು ಇಲ್ಲ ಎಂದರು ಅವರು. ವಿವರ ಕೊಡಲು ಒಂದು ಅವಕಾಶ ಕೊಟ್ಟರು. ಕೇಂದ್ರದವರು ಏನನ್ನೂ ಕೊಡಲಿಲ್ಲ. ಕೊಡಲು ಇದ್ದರೆ ತಾನೇ?

ದಾವಾಪತ್ರ ತಿರಸ್ಕೃತವಾಯಿತು. ಅದರ ಜೊತೆಗೇ ಬಾಯಿ ಕಟ್ಟಿದ್ದ ತಾತ್ಕಾಲಿಕ ಆದೇಶವೂ ಬಿದ್ದುಹೋಯಿತು. ಹೊರಗೆ ಮೆಟ್ಟಿಲ ಹತ್ತಿರ ನಿಂತು ವಕೀಲರು ನಮಗೆ ತಿಳಿಹೇಳಿದರು. ಅವರ ಮುಖದಲ್ಲಿ ಸಂತೋಷವಿತ್ತು, ಆದರೆ ಅವರು ಸುಳ್ಳು ಹೇಳುವವರಲ್ಲ.

"ಇನ್ನ ನೀವು ಮಾತಾಡಬಹುದು. ಆದ್ರ ಒಂದು ತಿಳಕೋರಿ. ಅವರು ಸುಧಾರಿಸಿ ಬರದು ಮತ್ತ ಹೊಸ ದಾವಾ ಹಾಕಬಹುದು. ಅದಕ್ಕ ಕಾಯ್ದೆದಾಗ ಅಡ್ಡಿ ಇಲ್ಲ."

"ಮತ್ತ ಮೊದಲಿಂದ?" ಅಂದಳು ತಂಗಿ.

"ಮತ್ತ ಮೊದಲಿಂದ."

ಅವಳು ಹುಡುಗನ ಕಿವಿಯ ಮೇಲಿದ್ದ ಕೈಗಳನ್ನು ಬಿಡಿಸಿ, ಅವನ ಚಪ್ಪಲಿ ಸರಿಮಾಡಿ ಎಬ್ಬಿಸಿದಳು. ನಾನು ಸಿಹಿ ತೆಗೆದುಕೊಂಡು ಹೋಗೋಣವೆಂದೆ. ಬೇಡಕ್ಕಾ ಎಂದಳು.

ಆ ಸಂಜೆ ಅವಳು ಫೋನ್ ತೆಗೆದು ತಾಯಂದಿರ ಗುಂಪನ್ನು ಹುಡುಕಿದಳು. ಅವಳನ್ನು ಅದರಿಂದ ಎಂದೋ ತೆಗೆದುಹಾಕಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ.

ಕೆಲವು ತಿಂಗಳ ಮೇಲೆ ನಾವಿಬ್ಬರೂ ಮನೆಯ ಒಂದು ಕಾರ್ಯಕ್ಕೆ ಸಾಮಾನು ತರಲು ಬೇಗಂ ಬಜಾರಿಗೆ ಹೋಗಿದ್ದೆವು. ಒಣದ್ರಾಕ್ಷಿ, ಗೋಡಂಬಿಯ ಅಂಗಡಿಯ ಮುಂದೆ, ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ ಆ ಹುಡುಗಿಯ ತಾಯಿ ನಿಂತಿದ್ದಳು, ಎಲ್ಲರಿಗಿಂತ ಹೆಚ್ಚು ದಿನ ತಡೆದಿದ್ದವಳು. ತಂಗಿಯನ್ನು ನೋಡಿ ಅವಳು ಮೊದಲು ಮುಖ ತಿರುಗಿಸಿದಳು, ಆಮೇಲೆ ತಾನೇ ಹತ್ತಿರ ಬಂದು ಕೈ ಹಿಡಿದುಕೊಂಡಳು. ಹಿಂದಿಯಲ್ಲಿ ಮಾತಾಡಿದರು. ಮಗಳು ಹೇಗಿದ್ದಾಳೆ ಎಂದು ತಂಗಿ ಕೇಳಿದಳು. ಇನ್ನೂ ಅಲ್ಲಿಗೇ ಹೋಗುತ್ತಿದ್ದಾಳೆ ಎಂದಳು ಅವಳು. ಕ್ಷಮಾಪಣೆ ಬರೆದುಕೊಟ್ಟ ಮೇಲೆ ಮಗಳನ್ನು ಬಿಡಿಸಿದರೆ, ಬರೆದುಕೊಟ್ಟದ್ದೇ ಸುಳ್ಳು ಎಂದಂತಾಗುತ್ತದೆ ಎಂದು ಗಂಡನ ಮನೆಯವರು ಹೆದರಿದ್ದರಂತೆ. ಬೇರೆ ಕೇಂದ್ರಗಳೂ ಹತ್ತಿರದಲ್ಲಿಲ್ಲ. ಈಗ ಮಗಳು ಎಲ್ಲಿ ಕೂರಿಸಿದರೂ ಏಳುವುದಿಲ್ಲವಂತೆ. ಏಳು ಎಂದರೂ ಏಳುವುದಿಲ್ಲವಂತೆ. ಮನೆಗೆ ಬಂದವರೆಲ್ಲ, ಎಷ್ಟು ಶಾಂತವಾಗಿದ್ದಾಳೆ ಮಗು ಎನ್ನುತ್ತಾರಂತೆ.

ದಾವಾ ಬಿದ್ದುಹೋಗಿದೆ, ಈಗ ಹೇಳಬಹುದು, ಇಬ್ಬರೂ ಸೇರಿ ಹೇಳೋಣ ಎಂದಳು ತಂಗಿ. ಆ ತಾಯಿ ಅವಳ ಕೈ ಬಿಟ್ಟಳು. ನಾನು ಏನೂ ಹೇಳಿಲ್ಲ, ನೀವು ಏನೂ ಕೇಳಿಲ್ಲ ಎಂದು ಹೇಳಿ, ಕೊಂಡ ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡು ಜನರ ನಡುವೆ ಹೋಗಿಬಿಟ್ಟಳು. ತಂಗಿ ಅಂಗಡಿಯ ಮುಂದೆಯೇ ನಿಂತಿದ್ದಳು. ಹಿಂದಿನಿಂದ ಹಮಾಲರು ದಾರಿ ಬಿಡಿ ಎಂದು ಕೂಗುತ್ತಿದ್ದರು. ನಾನೇ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡೆ.

ಇದಾಗಿ ವರ್ಷದ ಮೇಲೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಸೊಸೆ ನನಗೆ ಫೋನ್ ಮಾಡಿದಳು. ಬೀದರಿನವಳು. ಗಂಡನಿಗೆ ಮಾದಾಪುರದಲ್ಲಿ ಕೆಲಸವಾಗಿ ಆಗಷ್ಟೇ ಇಲ್ಲಿಗೆ ಬಂದಿದ್ದರು. ಮೂರು ವರ್ಷದ ಮಗ, ಮಾತಿಲ್ಲ. ನಿಮ್ಮ ತಂಗಿಯ ಮಗ ಹೋಗುತ್ತಿದ್ದ ಆ ಕೇಂದ್ರ ನಮ್ಮ ಮನೆಗೆ ಹತ್ತಿರವಿದೆ, ಸೇರಿಸಬಹುದೇ ಎಂದು ಕೇಳಿದಳು. ತಂಗಿ ಅಂದು ನನ್ನ ಮನೆಯಲ್ಲೇ ಇದ್ದಳು. ನಾನು ಫೋನನ್ನು ಅವಳ ಕೈಗೆ ಕೊಟ್ಟೆ.

ಅವಳು ಬಹಳ ಹೊತ್ತು ಹಿಡಿದುಕೊಂಡು ಕೂತಳು. ಆ ಕಡೆಯಿಂದ ಹಲೋ ಹಲೋ ಎನ್ನುವುದು ನನಗೂ ಕೇಳುತ್ತಿತ್ತು. ಕೊನೆಗೆ ಮಾತಾಡಿದಳು. ಎಲ್ಲವನ್ನೂ ಹೇಳಿದಳು. ಓಢಣಿ, ಕುರ್ಚಿ, ಗೋಡೆಯ ಕಡೆಗೆ ಮುಖ ಮಾಡಿ ಕೂತ ಆ ಇಬ್ಬರು ಮಕ್ಕಳು, ಮಗ ಅಳುವುದನ್ನು ಬಿಟ್ಟಿದ್ದು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾವಿಬ್ಬರೂ ಕೂತು ತಿದ್ದಿ ಬರೆದ ಆ ಮಾತುಗಳೇ. ಆಮೇಲೆ ದನಿ ತಗ್ಗಿಸಿದಳು.

"ಆದ್ರ ನಾ ಹೇಳೀನಿ ಅಂತ ಯಾರ ಮುಂದೂ ಹೇಳಬ್ಯಾಡ್ರಿ. ನಿಮ್ಮ ಮನಿಯವರ ಮುಂದೂ ಬ್ಯಾಡ. ಕೈ ಮುಗಿತೀನ್ರಿ."

ಒಂದು ಸಾಲು ಬರೆದುಕೊಡಲು ಒಪ್ಪದೆ ಅಷ್ಟು ವರ್ಷ ನಿಂತವಳ ಬಾಯಿಂದ ಆ ಮಾತು ಬಂದದ್ದನ್ನು ಕೇಳಿ ನಾನು ಕಿಟಕಿಯ ಕಡೆ ತಿರುಗಿದೆ. ಅವಳ ಮುಖ ನೋಡುವುದು ನನ್ನಿಂದಾಗಲಿಲ್ಲ.

ಆ ಹುಡುಗಿ ತನ್ನ ಮಗನನ್ನು ಅಲ್ಲಿಗೇ ಸೇರಿಸಿದಳೆಂದು ಮುಂದೆ ಅವಳ ಅತ್ತೆಯಿಂದ ತಿಳಿಯಿತು. ಬೇರೆ ತಾಯಂದಿರನ್ನೂ ಕೇಳಿದ್ದಳಂತೆ. ಚೆನ್ನಾಗಿದೆ, ನೀವೇ ಹೋಗಿ ನೋಡಿರಿ ಎಂದು ಎಲ್ಲರೂ ಹೇಳಿದರಂತೆ. ಯಾರೋ ಒಬ್ಬರು ಏನೇನೋ ಹೇಳಿದರಂತೆ, ಆದರೆ ಹೆಸರು ಹೇಳಬೇಡಿ ಎಂದರಂತೆ. ಅಂಥವರ ಮಾತು ಹೇಗೆ ನಂಬುವುದು ಎಂದು ಗಂಡ ಕೇಳಿದನಂತೆ.

ನಾನು ಇದನ್ನು ತಂಗಿಗೆ ಹೇಳಬಾರದು ಎಂದುಕೊಂಡಿದ್ದೆ. ಅವಳೇ ಕೇಳಿದಳು. ಹೇಳಿದೆ. ಅವಳು ಹುಡುಗನಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ತುತ್ತು ಕೈಯಲ್ಲೇ ಉಳಿಯಿತು. ಅವನು ಬಾಯಿ ತೆರೆದು ಕಾಯುತ್ತಿದ್ದ.

"ಆ ಕೂಸಿನ ಹೆಸರೇನಂತಕ್ಕಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.